ಒಂದೇ ಗಂಟಲು, ಎರಡು ದನಿ: ಎಡಿಟಿಂಗ್ ಅಲ್ಲ

ಟಿಬೆಟ್ ಲಾಮಾಗಳ ಮಂತ್ರಪಠಣದ ವಿಡಿಯೋದಲ್ಲಿ ಒಬ್ಬರ ಬಾಯಿಂದಲೇ ಎರಡು ಸ್ವರ ಕೇಳುತ್ತೆ, ಇದು ಎಡಿಟಿಂಗಾ, ಹುಬ್ಬಳ್ಳಿ ಹತ್ತಿರ ಎಲ್ಲಾದರೂ ನೇರವಾಗಿ ಕೇಳಬಹುದಾ ಅಂತ ಕೇಳಿದ್ದೀರಿ.

ಎಡಿಟಿಂಗ್ ಅಲ್ರೀ, ಪೂರ್ತಿ ಗಂಟಲಿನದೇ ಕೆಲಸ. ನಮ್ಮ ಧ್ವನಿತಂತುಗಳ ಮೇಲ್ಗಡೆ ಇನ್ನೊಂದು ಜೋಡಿ ಮಡಿಕೆಗಳಿವೆ. ಮಾತಾಡುವಾಗ ಅವು ಸುಮ್ನೆ ಇರುತ್ತವೆ. ಲಾಮಾಗಳು ಅವನ್ನೂ ಅದುರಿಸುತ್ತಾರೆ, ಅರ್ಧ ವೇಗದಲ್ಲಿ. ಅದಕ್ಕೇ ದನಿ ಒಂದು ಸಪ್ತಕ, ಅಂದರೆ ಒಂದು ಸ ದಿಂದ ಅದರ ಕೆಳಗಿನ ಸ ವರೆಗಿನಷ್ಟು, ಕೆಳಗಿಳಿಯುತ್ತದೆ. ಮೇಲೆ ಕೇಳುವ ತೆಳು ಸ್ವರದ ಕಥೆ ಬೇರೆ. ಯಾವ ದನಿಯಲ್ಲೂ ಉಪಸ್ವರಗಳು, ಅಂದರೆ ಮುಖ್ಯ ಸ್ವರದ ಜೊತೆಗೇ ಮೂಡುವ ಮೇಲಿನ ಸಣ್ಣ ಸ್ವರಗಳು, ಇದ್ದೇ ಇರುತ್ತವೆ. ಬಾಯಿ, ನಾಲಿಗೆಯ ಆಕಾರ ಬದಲಿಸಿ ಅವುಗಳಲ್ಲಿ ಒಂದನ್ನು ಎತ್ತಿ ಕೇಳಿಸುತ್ತಾರೆ. ರಷ್ಯಾದ ತುವಾ ಪ್ರದೇಶದ ಗಾಯಕರು ಇದನ್ನೇ ಸಿಳ್ಳೆಯಷ್ಟು ಸ್ಪಷ್ಟವಾಗಿ ಮಾಡುತ್ತಾರೆ.

ನಮ್ಮ ಧಾರವಾಡದ ಸಂಗೀತ ಬೈಠಕ್‌ಗಳಲ್ಲೂ ಇದು ಇದೆ, ತಂಬೂರಿಯಲ್ಲಿ! ತಂತಿ ಮತ್ತು ಕುದುರೆಯ (ತಂತಿಗಳು ಕೂರುವ ಪಟ್ಟಿ) ನಡುವೆ ನೂಲಿನ ಎಳೆ ಸರಿಸಿ ಜವಾರಿ, ಅಂದರೆ ಆ ಝೇಂಕಾರ, ಕೂರಿಸುತ್ತಾರಲ್ಲ, ಅದು ಉಪಸ್ವರಗಳನ್ನು ಎಬ್ಬಿಸುವುದಕ್ಕೇ. ತಂತಿಗಳು ಪ ಸಾ ಸಾ ಸ. ಗಂಧಾರಕ್ಕೆ, ಅಂದರೆ ಗ ಸ್ವರಕ್ಕೆ, ಯಾವ ತಂತಿಯೂ ಇಲ್ಲ. ಆದರೂ ಚೆನ್ನಾಗಿ ಸೇರಿದ ತಂಬೂರಿಯಲ್ಲಿ ಗಂಧಾರ ತಾನಾಗಿ ಕೇಳುತ್ತದೆ. ಒಮ್ಮೆ ಕಿವಿಗೆ ಬಿದ್ದರೆ ಸಾಕು, ಲಾಮಾಗಳ ದನಿಯನ್ನೂ ಬೇರೆ ರೀತಿ ಕೇಳಿಸಿಕೊಳ್ಳುತ್ತೀರಿ. ನನಗಂತೂ ಇದು ಬಹಳ ಪ್ರೀತಿಯ ವಿಷಯ.

ನೇರವಾಗಿ ಕೇಳಬೇಕೆಂದರೆ ದೂರ ಹೋಗಬೇಕಿಲ್ಲ. ಮುಂಡಗೋಡದ ಟಿಬೆಟನ್ ಕ್ಯಾಂಪ್‌ನಲ್ಲಿ ಗಾಂದೆನ್, ಡ್ರೆಪುಂಗ್ ಮಠಗಳಿವೆ. ಪ್ರತಿ ಪೂಜೆಯಲ್ಲೂ ಈ ಆಳದ ದನಿ ಇರುವುದಿಲ್ಲ, ಯಾವಾಗ ಇರುತ್ತದೆ ಅಂತ ಮೊದಲೇ ವಿಚಾರಿಸಿ. ರೆಕಾರ್ಡ್ ಮಾಡುವ ಮುಂಚೆ ಅನುಮತಿ ಕೇಳಿ. ಅಲ್ಲಿವರೆಗೆ ವಿಡಿಯೋವನ್ನು ಹೆಡ್‌ಫೋನ್ ಹಾಕಿಕೊಂಡೇ ಕೇಳಿ, ಫೋನಿನ ಸ್ಪೀಕರ್‌ನಲ್ಲಿ ಆ ಕೆಳಗಿನ ಸ್ವರ ಸರಿಯಾಗಿ ಬರುವುದಿಲ್ಲ.