ಓದುಗರ ಪ್ರಶ್ನೆಗೆ ಉತ್ತರ: ಜೆಜು ದ್ವೀಪದ ಹಳ್ಳಿಗಳಲ್ಲಿ ಒಂದು ದಿನದ ಸ್ಕೂಟರ್ ಸಂಚಾರ

ಪ್ರಶ್ನೆ: ಏಪ್ರಿಲ್ ತಿಂಗಳಲ್ಲಿ ಕಂಪನಿಯ ತರಬೇತಿಗೆಂದು ದಕ್ಷಿಣ ಕೊರಿಯಾಕ್ಕೆ ಹೋಗಲಿದ್ದೇನೆ. ಜೆಜು ದ್ವೀಪದಲ್ಲಿ ಒಂದು ದಿನ ಬಿಡುವು ಸಿಗುತ್ತದೆ. ಅಡಿಕೆ ತೋಟದ ಮನೆಯವನಾದ್ದರಿಂದ ಪ್ರವಾಸಿ ತಾಣಗಳಿಗಿಂತ ಅಲ್ಲಿನ ಹಳ್ಳಿ ಮತ್ತು ಹೊಲಗಳನ್ನು ನೋಡುವ ಆಸೆ ನನಗೆ. ಬಾಡಿಗೆ ಸ್ಕೂಟರ್ ಹಿಡಿದು ಒಂದೇ ದಿನದಲ್ಲಿ ಇಡೀ ದ್ವೀಪ ಸುತ್ತಬಹುದೇ? (ಓದುಗರು, ಶಿರಸಿ)

ಉತ್ತರ: ಸುತ್ತಬಹುದು, ಆದರೆ ಸುತ್ತಬೇಡಿ ಎಂಬುದೇ ನಮ್ಮ ಸಲಹೆ. ದ್ವೀಪವನ್ನು ಬಳಸಿಕೊಂಡು ಹೋಗುವ 1132ನೇ ಸಂಖ್ಯೆಯ ರಸ್ತೆಯೊಂದೇ ಸುಮಾರು 180 ಕಿ.ಮೀ. ಉದ್ದವಿದೆ. ಊರಿನೊಳಗೆ ಸಾಮಾನ್ಯವಾಗಿ ಗಂಟೆಗೆ 50 ಕಿ.ಮೀ., ಶಾಲೆಗಳ ಆಸುಪಾಸಿನಲ್ಲಿ 30 ಕಿ.ಮೀ. ವೇಗಮಿತಿ ಇರುವುದರಿಂದ ಹಗಲಿನ ಬಹುಪಾಲು ಹ್ಯಾಂಡಲ್ ಹಿಡಿದೇ ಕಳೆದುಹೋಗುತ್ತದೆ. ನೀವು ನೋಡಬೇಕೆಂದಿರುವ ಹೊಲಗಳು ಆ ಹೆದ್ದಾರಿಯಂಥ ರಸ್ತೆಯ ಮಗ್ಗುಲಿಗೆ ಕಾಣುವುದೂ ಕಡಿಮೆ. ಅದರ ಬದಲು ಪೂರ್ವದ ಮೂಲೆಯೊಂದನ್ನೇ ಆರಿಸಿಕೊಳ್ಳಿ. ಜೆಜು ನಗರದಿಂದ ಬೆಳಿಗ್ಗೆ ಹೊರಟು ಕರಾವಳಿಯ ಒಳರಸ್ತೆಗಳಲ್ಲಿ ಹಾಮ್‌ದೊಕ್, ಗಿಮ್‌ನ್ಯೊಂಗ್, ವೊಲ್‌ಜೊಂಗ್, ಸೆಹ್ವಾ, ಹಾದೊ, ಜೊಂಗ್‌ದಾಲ್ ಗ್ರಾಮಗಳನ್ನು ಹಾದು ಸೊಂಗ್‌ಸಾನ್ ತಲುಪಿ, ಮರಳುವಾಗ ಸೊಂಗ್‌ಅಪ್ ಎಂಬ ಹಳೆಯ ಗ್ರಾಮದ ಮೇಲೆ ಒಳನಾಡಿನಿಂದ ಬಂದರೆ, ನಿಲ್ಲಬೇಕೆನಿಸಿದಲ್ಲೆಲ್ಲ ನಿಂತೂ ಸಂಜೆಯೊಳಗೆ ಊರು ಸೇರಬಹುದು.

ಹೊಲ ನೋಡುವ ಕಣ್ಣಿರುವ ನಿಮಗೆ ಮೊದಲು ಗೋಚರಿಸುವುದು ಅಲ್ಲಿ ಭತ್ತದ ಗದ್ದೆಗಳೇ ಇಲ್ಲವೆನ್ನುವಷ್ಟು ವಿರಳ ಎಂಬ ಸಂಗತಿ. ಜೆಜು ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪ. ನಡುವೆ 1,947 ಮೀಟರ್ ಎತ್ತರದ ಹಲ್ಲಾಸಾನ್ ಪರ್ವತವಿದ್ದು, ಅದರ ಸುತ್ತ ಒರೂಮ್ ಎಂದು ಕರೆಯುವ ಮುನ್ನೂರಕ್ಕೂ ಹೆಚ್ಚು ಚಿಕ್ಕ ಜ್ವಾಲಾಮುಖಿ ಗುಡ್ಡಗಳು ಹರಡಿವೆ. ಮಳೆ ಧಾರಾಳವಾಗಿ ಬಂದರೂ ರಂಧ್ರಮಯವಾದ ಬಸಾಲ್ಟ್ ಕಲ್ಲಿನ ನೆಲ ನೀರನ್ನು ಹಿಡಿದಿಡದೆ ಕೆಳಕ್ಕೆ ಬಿಟ್ಟುಕೊಡುವುದರಿಂದ ಹೆಚ್ಚಿನ ಹಳ್ಳಗಳು ಮಳೆ ನಿಂತೊಡನೆ ಒಣಗುತ್ತವೆ. ಹಾಗೆ ಇಂಗಿದ ನೀರು ಕಡಲಂಚಿನಲ್ಲಿ ಒರತೆಯಾಗಿ ಮೇಲೇಳುತ್ತದೆ. ಹೆಚ್ಚಿನ ಹಳೆಯ ಹಳ್ಳಿಗಳು ದಂಡೆಗುಂಟ ಬೆಳೆದದ್ದು ಈ ಒರತೆಗಳ ಕಾರಣದಿಂದಲೇ. ರೈತರು ಬಾರ್ಲಿ, ನವಣೆ, ಬಕ್‌ವೀಟ್‌ಗಳನ್ನು ನೆಚ್ಚಿಕೊಂಡು ಬದುಕಿದರು. ಈಗ ನೀವು ಹಾಯುವ ಗುಜ್ವಾ ಭಾಗ ಗಜ್ಜರಿಗೆ ಹೆಸರಾಗಿದೆ, ದಕ್ಷಿಣದ ಸೊಗ್ವಿಪೊ ಕಡೆ ಕಿತ್ತಳೆ ಜಾತಿಯ ಹಣ್ಣಿನ ತೋಟಗಳು ಹೆಚ್ಚು. ಏಪ್ರಿಲ್ ಆದ್ದರಿಂದ ಸೊಂಗ್‌ಸಾನ್ ಸುತ್ತಮುತ್ತ ಕನೋಲಾ ಹೂವಿನ ಹಳದಿ ಇನ್ನೂ ಸಿಗುವ ಸಂಭವವಿದೆ.

ಆ ಹೊಲಗಳ ಸುತ್ತಲಿನ ಕರಿಕಲ್ಲಿನ ಗೋಡೆಗಳ ಬಳಿ ದಯವಿಟ್ಟು ಸ್ಕೂಟರ್ ನಿಲ್ಲಿಸಿ, ಹತ್ತಿರ ಹೋಗಿ ನೋಡಿ. ಗಾರೆಯಿಲ್ಲ, ಮಣ್ಣಿಲ್ಲ, ಉಳುವಾಗ ಎದ್ದ ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸಿದ್ದಾರೆ. ಕಲ್ಲುಗಳ ನಡುವಿನ ಸಂದುಗಳಲ್ಲಿ ಆಚೆಯ ಬೆಳೆಯ ಹಸಿರು ಕಾಣುತ್ತದೆ. ಬಿರುಗಾಳಿ ಆ ಸಂದುಗಳಲ್ಲಿ ನುಸುಳಿ ಬಲ ಕಳೆದುಕೊಳ್ಳುತ್ತದೆ. ಗೋಡೆ ಉರುಳುವುದಿಲ್ಲ, ಮಣ್ಣೂ ಹಾರಿಹೋಗುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2014ರಲ್ಲಿ ಈ ಗೋಡೆಗಳ ಪದ್ಧತಿಯನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಮಾನ್ಯ ಮಾಡಿತು. ಕೆಲವೆಡೆ ಹೊಲದ ನಟ್ಟನಡುವೆ ಚೌಕಾಕಾರದ ಇನ್ನೊಂದು ಗೋಡೆ ಕಾಣುತ್ತದೆ. ಅದರೊಳಗಿರುವುದು ಮನೆತನದ ಹಿರಿಯರ ಸಮಾಧಿ. ಮೇಯುವ ಕುದುರೆ-ದನಗಳು ತುಳಿಯದಂತೆ, ಹುಲ್ಲು ಸುಡುವ ಬೆಂಕಿ ತಗುಲದಂತೆ ಹಾಗೆ ಕಟ್ಟಿದ್ದಾರೆ. ಅದರೊಳಗೆ ಕಾಲಿಡಬಾರದು.

ಸೊಂಗ್‌ಅಪ್ ಗ್ರಾಮವನ್ನು ದಾರಿಯಲ್ಲಿ ಸೇರಿಸಿದ್ದಕ್ಕೆ ವಿಶೇಷ ಕಾರಣವಿದೆ. ಅಲ್ಲಿ ಹುಲ್ಲು ಹೊದಿಸಿದ ಮನೆಗಳ ಮಾಡನ್ನು ಗಾಳಿಗೆ ಹಾರದಂತೆ ಹಗ್ಗಗಳಿಂದ ಬಲೆ ಹೆಣೆದಂತೆ ಬಿಗಿದಿರುತ್ತಾರೆ. ಅಂಗಳದ ಬಾಯಿಯಲ್ಲಿ, ನಿಮ್ಮ ಕಡೆಯ ದಣಪೆಯಂತೆಯೇ, ತೂತು ಕೊರೆದ ಎರಡು ಕಲ್ಲುಕಂಬಗಳ ನಡುವೆ ಮೂರು ಗಳಗಳನ್ನು ಅಡ್ಡ ಹಾಕುವ ವ್ಯವಸ್ಥೆಯಿದೆ. ಒಂದೂ ಗಳ ಹಾಕದಿದ್ದರೆ ಮನೆಯಲ್ಲಿ ಜನರಿದ್ದಾರೆಂದು, ಒಂದು ಹಾಕಿದ್ದರೆ ಇಲ್ಲೇ ಹತ್ತಿರ ಹೋಗಿದ್ದಾರೆಂದು, ಎರಡಾದರೆ ಮರಳಲು ಹೊತ್ತಾಗುತ್ತದೆಂದು, ಮೂರೂ ಹಾಕಿದ್ದರೆ ದೂರ ಪ್ರಯಾಣಕ್ಕೆ ತೆರಳಿದ್ದಾರೆಂದು ನೆರೆಹೊರೆಯವರು ತಿಳಿಯುತ್ತಿದ್ದರು. ತೋಟದ ಮನೆಯವರಾದ ನಿಮಗೆ ಇದನ್ನು ಕಂಡಾಗ ಆಗುವ ಸಂತೋಷ ಬೇರೆ ಪ್ರವಾಸಿಗರಿಗೆ ಆಗಲಾರದು ಎಂದು ನಮ್ಮ ನಂಬಿಕೆ. ಸೊಂಗ್‌ಅಪ್‌ನಲ್ಲಿ ಈಗಲೂ ಜನ ವಾಸವಾಗಿದ್ದಾರೆ. ಆದ್ದರಿಂದ ಅನುಮತಿಯಿಲ್ಲದೆ ಅಂಗಳಕ್ಕೆ ನುಗ್ಗಬೇಡಿ.

ಸೊಂಗ್‌ಸಾನ್ ಬಂದರಿನ ಎದುರಿನ ಉದೊ ದ್ವೀಪಕ್ಕೆ ದೋಣಿಯಲ್ಲಿ ಕಾಲು ಗಂಟೆಯ ದಾರಿ. ಅಲ್ಲಿಯೂ ವಿದ್ಯುತ್ ಸ್ಕೂಟರ್‌ಗಳು ಬಾಡಿಗೆಗೆ ಸಿಗುತ್ತವೆ, ನೆಲಗಡಲೆಯ ಹೊಲಗಳೂ ಇವೆ. ಆದರೆ ಉದೊ ಮತ್ತು ಸೊಂಗ್‌ಅಪ್ ಎರಡನ್ನೂ ಒಂದೇ ದಿನಕ್ಕೆ ಕಟ್ಟಿಕೊಂಡರೆ ಯಾವುದೂ ನೆಟ್ಟಗೆ ನೋಡಿದಂತಾಗುವುದಿಲ್ಲ. ನಿಮ್ಮ ಆಸಕ್ತಿಗೆ ಸೊಂಗ್‌ಅಪ್ ಮೇಲು.

ಪ್ರಶ್ನೆ: ನಾವು ದಂಪತಿ ಜೆಜುವಿನಲ್ಲಿ ಸ್ಕೂಟರ್ ಬಾಡಿಗೆಗೆ ಪಡೆಯಬೇಕೆಂದಿದ್ದೇವೆ. ಇಲ್ಲಿನ ಲೈಸೆನ್ಸ್ ಸಾಕಾಗುತ್ತದೆಯೇ? (ಓದುಗರು, ಕಾರವಾರ)

ಉತ್ತರ: ಸಾಕಾಗುವುದಿಲ್ಲ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು, ಅದನ್ನು ಊರು ಬಿಡುವ ಮುನ್ನವೇ ಮಾಡಿಸಿಕೊಳ್ಳಬೇಕು. ಕಾರವಾರದ ಆರ್‌ಟಿಒ ಕಚೇರಿಯ ಮೂಲಕ, ಸಾರಥಿ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ ಪಡೆಯಬಹುದು. ಅದರ ಅವಧಿ ಗರಿಷ್ಠ ಒಂದು ವರ್ಷ. ಕೈಗೆ ಬಂದೊಡನೆ ಅದರಲ್ಲಿ ದ್ವಿಚಕ್ರ ವಾಹನದ ವರ್ಗಕ್ಕೆ ಮುದ್ರೆ ಬಿದ್ದಿದೆಯೇ ಎಂದು ತಪ್ಪದೆ ನೋಡಿ. ಕಾರಿನ ವರ್ಗಕ್ಕೆ ಮಾತ್ರ ಮುದ್ರೆಯಿದ್ದರೆ ಸ್ಕೂಟರ್ ಓಡಿಸಲು ಅದನ್ನು ನೆಚ್ಚುವಂತಿಲ್ಲ, ಅಪಘಾತವಾದರೆ ವಿಮೆಯೂ ಕೈಬಿಡಬಹುದು. ಪಾಸ್‌ಪೋರ್ಟ್, ಮೂಲ ಲೈಸೆನ್ಸ್ ಮತ್ತು ಈ ಪರವಾನಗಿ ಮೂರೂ ಜೊತೆಗಿರಲಿ. ಬಾಡಿಗೆಯ ಕರಾರಿಗೆ ಸಹಿ ಹಾಕುವ ಮುನ್ನ ವಿಮೆಯು ಎದುರಿನವರ ನಷ್ಟಕ್ಕೆ ಮಾತ್ರವೋ, ನಿಮ್ಮ ಚಿಕಿತ್ಸೆಗೂ ಸ್ಕೂಟರಿನ ಹಾನಿಗೂ ಅನ್ವಯಿಸುತ್ತದೆಯೋ ಎಂದು ಬಿಡಿಸಿ ಕೇಳಿ; ಗಾಡಿಯ ಮೇಲಿರುವ ಗೀರುಗಳನ್ನೆಲ್ಲ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ.

ಕೊರಿಯಾದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ದಟ್ಟ ಸಂಚಾರದಲ್ಲಿ ಮುಂದಿನ ಗಾಡಿಯನ್ನು ಹಿಂಬಾಲಿಸಿದರೆ ಸಾಕಾಗುವುದರಿಂದ ಅಲ್ಲಿ ತಪ್ಪುವುದು ಕಡಿಮೆ. ನಿಜವಾದ ಅಪಾಯವಿರುವುದು ಹಳ್ಳಿಯ ಖಾಲಿ ರಸ್ತೆಯಲ್ಲಿ, ಚಿತ್ರ ತೆಗೆದುಕೊಂಡು ಮತ್ತೆ ಗಾಡಿ ಹತ್ತುವ ಗಳಿಗೆಯಲ್ಲಿ; ಎದುರಿಗೆ ಯಾರೂ ಇಲ್ಲದಾಗ ಕೈ ತಾನಾಗಿಯೇ ಎಡಕ್ಕೆ ಹೊರಳುತ್ತದೆ. ಪ್ರತಿ ಸಲ ಹೊರಡುವಾಗಲೂ ಹಿಂದೆ ಕುಳಿತವರು ಬಾಯಿಬಿಟ್ಟು ‘ಬಲಕ್ಕೆ’ ಎಂದು ಹೇಳುವ ರೂಢಿ ಮಾಡಿಕೊಳ್ಳಿ. ಕೆಂಪು ದೀಪವಿದ್ದಾಗ ಬಲಕ್ಕೆ ತಿರುಗುವುದಿದ್ದರೂ ಮೊದಲು ಪೂರ್ತಿ ನಿಲ್ಲಬೇಕೆಂಬುದು ನಿಯಮ. ಇಬ್ಬರಿಗೂ ಹೆಲ್ಮೆಟ್ ಕಡ್ಡಾಯ. ದಾರಿಗೆ ಗೂಗಲ್ ಮ್ಯಾಪ್‌ಗಿಂತ ನೇವರ್ ಅಥವಾ ಕಾಕಾವೊ ನಕ್ಷೆಗಳು ಅಲ್ಲಿ ಹೆಚ್ಚು ಉಪಯುಕ್ತ. ಪೊಲೀಸರಿಗೆ 112, ಆಂಬುಲೆನ್ಸ್‌ಗೆ 119, ಪ್ರವಾಸಿಗರ ಸಹಾಯವಾಣಿಗೆ 1330 ಎಂಬುದನ್ನು ಬರೆದಿಟ್ಟುಕೊಳ್ಳಿ. ಗಾಳಿ ಜೋರಾಗಿರುವ ದಿನ ಬಸ್ಸೇ ವಾಸಿ; ಹಗುರ ಸ್ಕೂಟರಿನಲ್ಲಿ ಇಬ್ಬರು ಕುಳಿತಾಗ ಕಡಲಂಚಿನ ಅಡ್ಡಗಾಳಿಯನ್ನು ಲಘುವಾಗಿ ಎಣಿಸಬೇಡಿ.

ಪ್ರಶ್ನೆ: ಮೀನುಗಾರ ಕುಟುಂಬದವಳು ನಾನು. ಜೆಜುವಿನಲ್ಲಿ ಹೆಂಗಸರೇ ಸಮುದ್ರಕ್ಕೆ ಮುಳುಗಿ ಚಿಪ್ಪು ತರುತ್ತಾರಂತೆ. ಮೇಲಿನಂಥ ಸ್ಕೂಟರ್ ದಾರಿಯಲ್ಲಿ ಅವರನ್ನು ಕಾಣಬಹುದೇ? (ಓದುಗರು, ಕುಮಟಾ)

ಉತ್ತರ: ಕಾಣಬಹುದು, ಅದೂ ಇದೇ ಪೂರ್ವ ದಂಡೆಯಲ್ಲಿ. ಹೆನ್ಯೊ ಎಂದು ಕರೆಯುವ ಈ ಮಹಿಳೆಯರು ಆಮ್ಲಜನಕದ ಸಿಲಿಂಡರ್ ಇಲ್ಲದೆ, ಉಸಿರು ಬಿಗಿಹಿಡಿದು ಸುಮಾರು 10 ಮೀಟರ್ ಆಳದವರೆಗೆ ಮುಳುಗಿ ಅಬಲೋನಿ, ಶಂಖದಂಥ ಚಿಪ್ಪುಜೀವಿಗಳು ಮತ್ತು ಕಡಲಕಳೆಗಳನ್ನು ತರುತ್ತಾರೆ. ಬಹುತೇಕರು 60 ದಾಟಿದವರು. ದಂಡೆಯಲ್ಲಿ ನಿಂತರೆ ಅವರು ಆಸರೆಗೆ ಹಿಡಿಯುವ, ನೀರಿನ ಮೇಲೆ ತೇಲುವ ಕಿತ್ತಳೆ ಬಣ್ಣದ ಗೋಳಗಳು ಕಾಣುತ್ತವೆ. ಮೇಲೆದ್ದ ಹೆಂಗಸು ಉಸಿರು ಬಿಡುವಾಗ ಸಿಳ್ಳೆಯಂಥ ಸದ್ದು ಕೇಳುತ್ತದೆ. ಹಾದೊ ಗ್ರಾಮದಲ್ಲಿ ಅವರ ಕುರಿತ ವಸ್ತುಸಂಗ್ರಹಾಲಯವಿದೆ, ಅದನ್ನು ಬಿಡಬೇಡಿ. ಜಪಾನೀಯರ ಆಳ್ವಿಕೆಯಲ್ಲಿ ತಾವು ಕಡಲಿನಿಂದ ತಂದ ಸರಕಿಗೆ ನ್ಯಾಯವಾದ ಬೆಲೆ ಸಿಗದೆ 1932ರಲ್ಲಿ ಬೀದಿಗಿಳಿದವರು ಇದೇ ಭಾಗದ ಹೆನ್ಯೊಗಳು. ಯುನೆಸ್ಕೊ 2016ರಲ್ಲಿ ಇವರ ಸಂಸ್ಕೃತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಅವರು ಬಟ್ಟೆ ಬದಲಿಸುವ, ಬೆಂಕಿ ಕಾಯಿಸಿಕೊಳ್ಳುವ ತಾಣಗಳತ್ತ ಕ್ಯಾಮೆರಾ ತಿರುಗಿಸಬೇಡಿ. ದಂಡೆಯ ಮೀನುಗಾರಿಕೆಯ ಹಕ್ಕು ಆಯಾ ಗ್ರಾಮದ ಸಂಘಕ್ಕೆ ಸೇರಿದ್ದಾದ್ದರಿಂದ ಬಂಡೆಯ ಮೇಲಿನ ಒಂದು ಚಿಪ್ಪನ್ನೂ ನೀವು ಕೀಳುವಂತಿಲ್ಲ. ಬೇಸಿಗೆಯ ಹೊಸ್ತಿಲಲ್ಲಿ ಹೋದರೆ, ಹೆಂಗಸರು ತಂದ ಕೆಂಪು ಕಡಲಕಳೆಯನ್ನು ಕರಾವಳಿ ರಸ್ತೆಯ ಅಂಚಿಗೇ ಹರವಿ ಒಣಗಿಸಿರುವುದು ಕಾಣುತ್ತದೆ. ಅದು ಅವರ ವರ್ಷದ ದುಡಿಮೆಯ ಭಾಗ. ಸ್ಕೂಟರಿನ ಚಕ್ರ ಅದರ ಮೇಲೆ ಹೋಗದಂತೆ ವೇಗ ತಗ್ಗಿಸಿ, ಪಕ್ಕಕ್ಕೆ ಸರಿದು ಹೋಗಿ.