60 ಕಿಲೋವ್ಯಾಟ್ ವರ್ಕ್‌ಶಾಪಿಗೆ ಸೋಲಾರ್
ಪೀಣ್ಯದಲ್ಲಿ 60 ಕಿಲೋವ್ಯಾಟ್ ಲೋಡಿನ ವರ್ಕ್‌ಶಾಪ್ ಇದೆ, ದೊಡ್ಡ ಕಂಪನಿಗಳ ಹಾಗೆ ಹೊರಗಿನ ಸೋಲಾರ್ ಪ್ಲಾಂಟಿನಿಂದ ಕರೆಂಟ್ ಕೊಳ್ಳಬಹುದಾ ಅಂತ ಕೇಳಿದ್ದೀರಿ. ಇದೊಂದೇ ಶೆಡ್ ಆದರೆ ಕಷ್ಟ ಸರ್. ಕೇಂದ್ರದ 2022ರ ನಿಯಮದಲ್ಲಿ ಕನಿಷ್ಠ 100 ಕಿಲೋವ್ಯಾಟ್ ಲೋಡ್ ಇರಬೇಕು ಅಂತಿತ್ತು; ಕರ್ನಾಟಕದಲ್ಲಿ ಈಗ ಹೇಗಿದೆ ಅಂತ ವಿದ್ಯುತ್ ಕಂಪನಿಯಲ್ಲಿ ಕೇಳಿ ನೋಡಿ. ಆ ನಿಯಮದ ಪ್ರಕಾರ, ವಿದ್ಯುತ್ ಕಂಪನಿಯ ಅದೇ ವಿಭಾಗದಲ್ಲಿ ನಿಮ್ಮದೇ ಇನ್ನೊಂದು ಮೀಟರ್ ಇದ್ದು, ಎರಡೂ ಸೇರಿ 100 ಮುಟ್ಟಿದರೆ ಅರ್ಜಿ ಹಾಕಬಹುದಿತ್ತು.

ಇಲ್ಲದಿದ್ದರೆ ಚಾವಣಿಯೇ ಸರಿ. 1 ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. ನೆರಳಿಲ್ಲದ 2,000 ಚದರ ಅಡಿ ಸಿಕ್ಕರೆ 80 ಯೂನಿಟ್. ಮಷೀನುಗಳು ಜಾಸ್ತಿ ಓಡುವುದು ಹಗಲಲ್ಲೇ ಅಲ್ವಾ, ಅಲ್ಲೇ ಬಳಕೆಯಾಗುತ್ತದೆ. ಗ್ರಿಡ್ಡಿನ ಒಂದೊಂದು ಯೂನಿಟ್ ಉಳಿದಾಗಲೂ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ತಪ್ಪುತ್ತದೆ, ಸಣ್ಣ ಶೆಡ್ಡಿಗೆ ಇದು ಕಡಿಮೆಯೇನಲ್ಲ. ಶೀಟಿನ ಚಾವಣಿಯಾದರೆ ಭಾರ ತಡೆಯುತ್ತದಾ ಅಂತ ಮೊದಲು ಎಂಜಿನಿಯರ್‌ಗೆ ತೋರಿಸಿ.