ಕರಾಟೆ ಕಲಿಯುವವರು ಬೇರೆ ಹವ್ಯಾಸ ಇಟ್ಟುಕೊಳ್ಳಬಾರದೇ?

ಪ್ರಶ್ನೆ: ನನಗೆ 26 ವರ್ಷ. ಕೆಲವು ವರ್ಷಗಳಿಂದ ಶೋಟೋಕಾನ್ ಕರಾಟೆ ಕಲಿಯುತ್ತಿದ್ದೇನೆ, ವಾರಕ್ಕೆ ನಾಲ್ಕು ದಿನ ತರಗತಿ. ಈಚೆಗೆ ಚಿತ್ರ ಬರೆಯುವ ಹುಚ್ಚು ಹಿಡಿದಿದೆ. ಗೆಳೆಯರು ಕ್ಲೈಂಬಿಂಗ್ ಗೋಡೆ ಹತ್ತಲು ಕರೆಯುತ್ತಿದ್ದಾರೆ. ‘ಎರಡು ದೋಣಿಯಲ್ಲಿ ಕಾಲಿಡಬೇಡ’ ಎನ್ನುತ್ತಾರೆ ತರಗತಿಯ ಹಿರಿಯರು. ಎರಡನ್ನೂ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಹಿರಿಯರ ಕಾಳಜಿ ಅರ್ಥವಾಗುತ್ತದೆ. ಆದರೆ ನೀವು ಕಲಿಯುತ್ತಿರುವ ಶೈಲಿಯ ಮೂಲಪುರುಷ ಗಿಚಿನ್ ಫುನಾಕೋಶಿ ಅವರೇ ಕವಿತೆ ಬರೆಯುತ್ತಿದ್ದವರು. ‘ಶೋಟೋ’ ಅವರ ಕಾವ್ಯನಾಮ. ಶಿಷ್ಯರು ಡೋಜೋಗೆ (ಅಭ್ಯಾಸ ಶಾಲೆಗೆ) ಇಟ್ಟಿದ್ದೂ ಅದೇ ಹೆಸರನ್ನು.

ಚಿತ್ರದ ಮಾತು ಬಂದರೆ ನನಗೆ ಮೊದಲು ನೆನಪಾಗುವುದು ಮಿಯಾಮೊಟೊ ಮುಸಾಶಿ. 1645ರಲ್ಲಿ ತೀರಿಕೊಂಡ ಈ ಜಪಾನಿ ಖಡ್ಗವೀರ ಶಾಯಿಯಲ್ಲಿ ಬರೆದ ಚಿತ್ರವೊಂದಿದೆ: ಕೆಳಗಿನಿಂದ ನೀಳವಾಗಿ ಮೇಲೇರುವ ಒಣಕೊಂಬೆ, ಅದರ ಮೇಲೆ ತೆವಳುವ ಹುಳು, ತುದಿಯ ಹತ್ತಿರ ಒಂದು ಹಕ್ಕಿ. ಕಾಗದ ಹೀರಿಕೊಂಡ ಶಾಯಿಯನ್ನು ತಿದ್ದಲು ಬರುವುದಿಲ್ಲ. ಕೈ ಅನುಮಾನಿಸಿದರೆ ಗೆರೆಯಲ್ಲೇ ಗೊತ್ತಾಗುತ್ತದೆ. ಕಟಾ, ಅಂದರೆ ಗೊತ್ತಾದ ಕ್ರಮದ ಚಲನೆಗಳ ಸರಣಿ, ಮಾಡುವಾಗಲೂ ಹಾಗೆಯೇ ಅಲ್ಲವೇ? ನಿಮಗೊಂದು ಅಭ್ಯಾಸ ಹೇಳುತ್ತೇನೆ. ವಿರಾಮದಲ್ಲಿ ಪಕ್ಕಕ್ಕೆ ಕೂತು, ಜೆನ್‌ಕುತ್ಸು ದಾಚಿಯಲ್ಲಿ (ಮುಂಗಾಲು ಬಾಗಿಸಿ ಹಿಂಗಾಲು ನೀಡಿದ ನಿಲುವಿನಲ್ಲಿ) ನಿಂತವರನ್ನು ಅರ್ಧ ನಿಮಿಷದಲ್ಲಿ ನಾಲ್ಕೈದು ಗೆರೆಗಳಲ್ಲಿ ಬರೆಯಿರಿ. ಮುಂದಿನ ಮಂಡಿ ಒಳಕ್ಕೆ ವಾಲಿದೆಯೇ, ಹಿಂದಿನ ಹಿಮ್ಮಡಿ ಎದ್ದಿದೆಯೇ ಎಂಬುದು ತಾನಾಗಿ ಕಣ್ಣಿಗೆ ಬೀಳತೊಡಗುತ್ತದೆ. ನಿಮ್ಮದೇ ನಿಲುವಿನ ತಪ್ಪು ಹಿಡಿಯುವುದೂ ಆಗ ಸುಲಭ.

ಗೋಡೆ ಹತ್ತುವ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಲಾಭ ದೊಡ್ಡದೇ. ಕರಾಟೆಯಲ್ಲಿ ಗುದ್ದು, ತಳ್ಳು ಹೆಚ್ಚು. ಹಿಕಿತೆಯಲ್ಲಿ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಿ ನಿಜ, ಆದರೆ ಅಲ್ಲಿ ಎಳೆಯಲು ಭಾರವೇ ಇರುವುದಿಲ್ಲ. ಗೋಡೆಯ ಮೇಲೆ ಬೆನ್ನಿನ ಸ್ನಾಯುಗಳು ಇಡೀ ದೇಹದ ಭಾರ ಎಳೆಯುತ್ತವೆ. ತೊಂದರೆ ಇರುವುದು ಬೆರಳುಗಳಲ್ಲಿ. ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ನಿಧಾನ. ತೋಳಿಗೆ ಶಕ್ತಿ ಬಂತೆಂದು ಮೊದಲ ತಿಂಗಳುಗಳಲ್ಲೇ ಸಣ್ಣ ಸಣ್ಣ ಹಿಡಿಗಳಿಗೆ ಜೋತುಬಿದ್ದರೆ ಬೆರಳು ನೋಯಿಸಿಕೊಳ್ಳುತ್ತೀರಿ. ದೊಡ್ಡ ಹಿಡಿಗಳಲ್ಲೇ ಶುರು ಮಾಡಿ. ಮಾಕಿವಾರಾ (ಗುದ್ದು ಅಭ್ಯಾಸದ ಹಲಗೆ) ಗುದ್ದಿದ ದಿನ ಅಥವಾ ಗೆಣ್ಣು ಊದಿಕೊಂಡ ದಿನ ಹತ್ತಲೇಬೇಡಿ. ಮೊದಮೊದಲು ವಾರಕ್ಕೆ ಒಂದು ದಿನ ಸಾಕು.

ಇನ್ನೊಂದು ಮಾತು. ನಾಲ್ಕು ದಿನ ತರಗತಿ, ಉಳಿದ ಮೂರು ದಿನವೂ ಬೆವರು ಎಂದಾದರೆ ದೇಹ ಸುಧಾರಿಸಿಕೊಳ್ಳುವುದು ಯಾವಾಗ? ಎರಡು ದಿನವಾದರೂ ಪೂರ್ತಿ ಬಿಡುವಿರಲಿ. ಆ ದಿನಗಳು ಚಿತ್ರಕ್ಕೆ. ಅಲ್ಲಿ ಬೆಲ್ಟ್ ಇಲ್ಲ, ಅಂಕ ಇಲ್ಲ, ನಿಮ್ಮನ್ನು ಯಾರೂ ಅಳೆಯುವುದಿಲ್ಲ. ವರ್ಷಗಟ್ಟಲೆ ಪರೀಕ್ಷೆ, ಪಂದ್ಯ ಎಂದು ದಣಿದು ಕರಾಟೆಯನ್ನೇ ತೊರೆದವರನ್ನು ನೋಡಿದ್ದೇನೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಬೆಲ್ಟ್ ಪರೀಕ್ಷೆ ಹತ್ತಿರವಾದಾಗ ಗೋಡೆಗೆ ರಜೆ ಕೊಡಿ, ಚಿತ್ರಕ್ಕೆ ಬೇಡ.